ಬರ್ನಾ ಬಾಯ್ ಹೇಳಿದ್ದು, ವಿಮರ್ಶಕರು ಕೇಳಿಸಿಕೊಂಡಿದ್ದು

2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ನಮ್ಮ ಕಡೆ ಎಲ್ಲೆಲ್ಲೂ ‘ಶಕ್ತಿ’ ತಂಡದ್ದೇ ಸುದ್ದಿ. ಜಾಕಿರ್ ಹುಸೇನ್, ಶಂಕರ್ ಮಹದೇವನ್, ಸೆಲ್ವಗಣೇಶ್, ಗಣೇಶ್ ರಾಜಗೋಪಾಲನ್, ಜಾನ್ ಮೆಕ್‌ಲಾಫ್ಲಿನ್ ಸೇರಿ ಮಾಡಿದ ‘ದಿಸ್ ಮೊಮೆಂಟ್’ ಆ ವರ್ಷದ ಜಾಗತಿಕ ಸಂಗೀತದ ಅತ್ಯುತ್ತಮ ಆಲ್ಬಂ ಆಯಿತು. ಖುಷಿ ಪಡುವ ಸುದ್ದಿಯೇ. ಆದರೆ ಅದರ ಎದುರು ಸೋತ ನಾಲ್ಕು ಆಲ್ಬಂ ಯಾವುವು ಅಂತ ನಮ್ಮಲ್ಲಿ ಕೇಳಿದವರು ಕಡಿಮೆ. ಪೆರುವಿನ ಸುಸಾನಾ ಬಾಕಾ ಅವರದು ಒಂದು, ಬೊಕಾಂಟೆ ತಂಡದ್ದು ಇನ್ನೊಂದು. ಉಳಿದ ಎರಡೂ ನೈಜೀರಿಯಾದವು. ದಾವಿಡೊ ಅವರ ‘ಟೈಮ್‌ಲೆಸ್’ ಮತ್ತು ಬರ್ನಾ ಬಾಯ್ ಅವರ ‘ಐ ಟೋಲ್ಡ್ ದೆಮ್’. ಹೆಸರಿನ ಅರ್ಥ, ‘ನಾನು ಆಗಲೇ ಹೇಳಿದ್ದೆ’.

ನಾನು ಬರೆಯಲು ಹೊರಟಿರುವುದು ಆ ಕೊನೆಯ ಆಲ್ಬಂ ಬಗ್ಗೆ. 2023ರ ಆಗಸ್ಟ್‌ನಲ್ಲಿ ಬಂತು. ಮುಂದಿನ ವಾರವೇ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನೈಜೀರಿಯಾದಿಂದ ಬಂದ ಅಫ್ರೋಬೀಟ್ಸ್ ಗಾಯಕರೊಬ್ಬರು ಅಲ್ಲಿಗೆ ಮುಟ್ಟಿದ್ದು ಅದೇ ಮೊದಲು. ಅಮೆರಿಕದಲ್ಲಿ ಮಾತ್ರ ಹಿಂದಿನ ಆಲ್ಬಂ ‘ಲವ್, ದಾಮಿನಿ’ 14ನೇ ಸ್ಥಾನದವರೆಗೆ ಹೋಗಿದ್ದರೆ, ಇದು 31ಕ್ಕೇ ನಿಂತಿತು. ಈ ಆಲ್ಬಂ ಮತ್ತು ಇದರ ಹಾಡುಗಳಿಗೆ ಗ್ರ್ಯಾಮಿಯಲ್ಲಿ ಮೂರು ನಾಮನಿರ್ದೇಶನ ಬಂದವು. ಅದರಲ್ಲಿ ಒಂದು ರ‍್ಯಾಪ್ ವಿಭಾಗದಲ್ಲಿ. ಪ್ರಶಸ್ತಿ ಒಂದೂ ಬರಲಿಲ್ಲ. ಇತ್ತ ಅವರ ಸ್ವಂತ ದೇಶದಲ್ಲಿ ಹಾಡಿಗಿಂತ ಜಗಳವೇ ಜಾಸ್ತಿ ಆಯಿತು. ಒಂದೇ ಆಲ್ಬಂಗೆ ಒಂದೊಂದು ಕಡೆ ಒಂದೊಂದು ತೀರ್ಪು ಯಾಕೆ? ಯಾರೋ ಸರಿ, ಯಾರೋ ತಪ್ಪು ಅಂತ ಮುಗಿಸುವಷ್ಟು ಸಣ್ಣ ವಿಷಯ ಇದಲ್ಲ. ನನಗೆ ಕಾಣುವುದು ಇಷ್ಟು: ವಿಮರ್ಶಕರಲ್ಲಿ ಹೆಚ್ಚಿನವರು ಹಾಡಿನ ಮಾತನ್ನು ತೂಗಲಿಲ್ಲ. ಹಾಡುವವನು ಯಾರ ಪರವಾಗಿ ಮಾತಾಡಬೇಕಿತ್ತು ಅನ್ನುವುದನ್ನು ತೂಗಿದರು.

ಬರ್ನಾ ಅವರ ನಿಜ ಹೆಸರು ದಾಮಿನಿ ಒಗುಲು. 1991ರಲ್ಲಿ ನೈಜೀರಿಯಾದ ತೈಲ ನಗರ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಹುಟ್ಟಿದವರು. ತಾಯಿ ಬೋಸೆ ಒಗುಲು ಅವರೇ ಮ್ಯಾನೇಜರ್. ಅಜ್ಜ ಬೆನ್ಸನ್ ಇಡೊನಿಜೆ ರೇಡಿಯೊದಲ್ಲಿ ಕೆಲಸ ಮಾಡಿದವರು, ಸಂಗೀತ ವಿಮರ್ಶಕರು, ಮೇಲಾಗಿ ನೈಜೀರಿಯಾದ ಹೆಸರಾಂತ ಸಂಗೀತಗಾರ ಫೆಲಾ ಕುಟಿ ಅವರ ಮೊದಲ ಮ್ಯಾನೇಜರ್. ಹಾಡುಗಾರನ ಅಜ್ಜನೇ ವಿಮರ್ಶಕ! ಹೀಗಾಗಿ ಈ ಮನೆಯಲ್ಲಿ ಸಂಗೀತವನ್ನು ಸುಮ್ನೆ ಹಾಡಿ ಬಿಡುವುದಿಲ್ಲ, ಅದರ ಬಗ್ಗೆ ವಾದವನ್ನೂ ಮಾಡುತ್ತಾರೆ.

ಫೆಲಾ ಅಂದ ತಕ್ಷಣ ಒಂದು ಗೊಂದಲ ಬಿಡಿಸಿಬಿಡೋಣ. ಫೆಲಾ ಮತ್ತು ಡ್ರಮ್ಮರ್ ಟೋನಿ ಅಲೆನ್ ಕೂಡಿ 1970ರ ಹೊತ್ತಿಗೆ ಕಟ್ಟಿದ್ದು ‘ಅಫ್ರೋಬೀಟ್’. ಒಂದೊಂದು ಹಾಡೂ ಕಾಲು ಗಂಟೆ, ಅರ್ಧ ಗಂಟೆ. ಸೈನಿಕ ಸರ್ಕಾರಕ್ಕೆ ನೇರ ಬೈಗುಳ. ಈಗ ನಾವು ರೀಲ್ಸ್‌ನಲ್ಲಿ ಕೇಳುವುದು ‘ಅಫ್ರೋಬೀಟ್ಸ್’. ಕೊನೆಗೆ ಒಂದು ‘ಸ್’ ಜಾಸ್ತಿ. ಲಾಗೋಸ್, ಅಕ್ರಾ, ಲಂಡನ್ ನಗರಗಳ ಪಾಪ್ ಸಂಗೀತಕ್ಕೆ ಇಟ್ಟ ಚೀಲದಂಥ ಹೆಸರು ಅದು. ಬರ್ನಾ ಅವರಿಗೆ ಆ ಹೆಸರೇ ಇಷ್ಟವಿಲ್ಲ. ತಮ್ಮದನ್ನು ‘ಅಫ್ರೋ-ಫ್ಯೂಷನ್’ ಅನ್ನುತ್ತಾರೆ. ಅಪ್ಪನ ಜಮೈಕಾ ಕ್ಯಾಸೆಟ್‌ಗಳು, ಅಜ್ಜನ ಫೆಲಾ, ಶಾಲೆಯ ದಿನಗಳ ಅಮೆರಿಕನ್ ರ‍್ಯಾಪ್, ಎಲ್ಲವೂ ಅದರಲ್ಲಿವೆ.

ಈಗ ಅವರ ಮೇಲಿದ್ದ ನಿರೀಕ್ಷೆ ನೋಡಿ. 2019ರ ‘ಆಫ್ರಿಕನ್ ಜೈಂಟ್’ನಲ್ಲಿ ಒಂದು ಹಾಡು ಶುರುವಾಗುವುದೇ ರಾಯಲ್ ನೈಜರ್ ಕಂಪನಿಯ ಕಥೆಯಿಂದ. 8,65,000 ಪೌಂಡ್ ಪಡೆದು ಆ ಕಂಪನಿ ಒಂದು ಇಡೀ ನಾಡನ್ನು ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಿದ ಕಥೆ ಅದು. ಆ ಆಲ್ಬಂಗೆ ಗ್ರ್ಯಾಮಿ ಕೈತಪ್ಪಿದಾಗ, ಗೆದ್ದ ಬೆನಿನ್ ದೇಶದ ಗಾಯಕಿ ಆಂಜೆಲಿಕ್ ಕಿಜೊ ವೇದಿಕೆಯ ಮೇಲೇ ತಮ್ಮ ಪ್ರಶಸ್ತಿಯನ್ನು ಬರ್ನಾ ಅವರಿಗೆ ಅರ್ಪಿಸಿದರು. 2020ರ ‘ಟ್ವೈಸ್ ಆ್ಯಸ್ ಟಾಲ್’ನಲ್ಲಿ ಘಾನಾದ ಲೇಖಕಿ ಅಮಾ ಅತಾ ಐಡೂ ಅವರ ಸಿಟ್ಟಿನ ಧ್ವನಿ ಕೇಳಿಸುತ್ತದೆ. ಆ ಆಲ್ಬಂ ಗ್ರ್ಯಾಮಿ ಗೆದ್ದಿತು. ಅದೇ ವರ್ಷ ಅಕ್ಟೋಬರ್ 20ರಂದು ಲಾಗೋಸ್‌ನ ಲೆಕ್ಕಿ ಟೋಲ್ ಗೇಟ್‌ನಲ್ಲಿ ಪೊಲೀಸ್ ದೌರ್ಜನ್ಯ ವಿರೋಧಿಸಿ ಕೂತವರ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಬರ್ನಾ ಅದರ ಮೇಲೊಂದು ಹಾಡು ತಂದರು. 2022ರಲ್ಲಿ ಪೋರ್ಟ್ ಹಾರ್ಕೋರ್ಟ್‌ನ ಆಕಾಶದಿಂದ ಉದುರುವ ಮಸಿಯ ಬಗ್ಗೆ ಹಾಡಿದರು. ಕಚ್ಚಾ ತೈಲವನ್ನು ಕದ್ದುಮುಚ್ಚಿ ಕಾಯಿಸುವ ಕುಲುಮೆಗಳ ಹೊಗೆ ಆ ಊರಿನ ಗೋಡೆ, ಬಟ್ಟೆ, ಶ್ವಾಸಕೋಶ ಎಲ್ಲದರ ಮೇಲೂ ಕೂರುತ್ತದೆ.

ಇಷ್ಟಾದ ಮೇಲೆ ಜನ ಅವರನ್ನು ಫೆಲಾ ಅವರ ವಾರಸುದಾರ ಅಂತ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ‘ಐ ಟೋಲ್ಡ್ ದೆಮ್’ ಬಂದಾಗ ವಿಮರ್ಶಕರು ಹುಡುಕಿದ್ದೂ ಆ ವಾರಸುದಾರನನ್ನೇ. ಸಿಕ್ಕಿದ್ದು ಬೇರೆ ಮನುಷ್ಯ. ಗೆದ್ದವನು. ಲಂಡನ್‌ನಲ್ಲಿ ಸುಮಾರು 60 ಸಾವಿರ ಜನ ಹಿಡಿಯುವ ಸ್ಟೇಡಿಯಂ, ನ್ಯೂಯಾರ್ಕ್‌ನಲ್ಲಿ ಸಿಟಿ ಫೀಲ್ಡ್ ತುಂಬಿಸಿ ಬಂದವನು. ‘ನೋಡಿ, ಆಗುವುದಿಲ್ಲ ಅಂದಿದ್ದಿರಲ್ಲ’ ಅನ್ನುವವನು.

ಆಲ್ಬಂನಲ್ಲಿ ಏನಿದೆ? ಮೊದಲ ಹಾಡಿನಲ್ಲೇ ಜಿಝಾ (GZA), ಆಮೇಲೆ ಇನ್ನೊಂದರಲ್ಲಿ ರಿಝಾ. ಇಬ್ಬರೂ 1990ರ ದಶಕದ ನ್ಯೂಯಾರ್ಕ್ ರ‍್ಯಾಪ್ ಕಟ್ಟಿದ ವೂ-ಟ್ಯಾಂಗ್ ಕ್ಲ್ಯಾನ್ ತಂಡದವರು. ರಿಝಾ ಇರುವ ಹಾಡಿನ ಹೆಸರು ‘12 ಜ್ಯೂವೆಲ್ಸ್’. ಹಾರ್ಲೆಮ್‌ನಲ್ಲಿ 1960ರ ದಶಕದಲ್ಲಿ ಹುಟ್ಟಿದ ಫೈವ್ ಪರ್ಸೆಂಟ್ ಪಂಥದ ಪಾಠ ಅದು. ತಿಳಿವಳಿಕೆ, ವಿವೇಕ, ಅರಿವು, ಸ್ವಾತಂತ್ರ್ಯ, ನ್ಯಾಯ, ಸಮಾನತೆ, ಅನ್ನ, ಬಟ್ಟೆ, ಸೂರು, ಪ್ರೀತಿ, ಶಾಂತಿ, ಸಂತೋಷ. ಈ ಹನ್ನೆರಡನ್ನು ಒಬ್ಬ ಮನುಷ್ಯ ಗಳಿಸಬೇಕು ಅನ್ನುತ್ತದೆ. ಘಾನಾದಿಂದ ಬಂದ ತಂದೆತಾಯಿಗೆ ಹುಟ್ಟಿ ಲೂಯಿ ವಿಟಾನ್ ಸಂಸ್ಥೆಯ ಗಂಡಸರ ಉಡುಪಿನ ವಿಭಾಗದ ಮುಖ್ಯಸ್ಥರಾದ, 2021ರಲ್ಲಿ ತೀರಿಕೊಂಡ ವರ್ಜಿಲ್ ಆಬ್ಲೊ ಅವರ ಧ್ವನಿ ನಡುವೆ ಬರುತ್ತದೆ. ರ‍್ಯಾಪರ್‌ಗಳಾದ 21 ಸ್ಯಾವೇಜ್, ಜೆ. ಕೋಲ್, ಲಂಡನ್ನಿನ ಡೇವ್ ಎಲ್ಲರೂ ಇದ್ದಾರೆ. ‘ಬಿಗ್ 7’ ಹಾಡಿನಲ್ಲಿ ಆಬ್ಲೊ ಜೊತೆಗೆ ಇನ್ನೊಬ್ಬರನ್ನೂ ನೆನೆಯುತ್ತಾರೆ. ಅದು ನಮ್ಮ ಪಂಜಾಬಿನ ಸಿಧು ಮೂಸೆವಾಲಾ. 2022ರ ಮೇ 29ರಂದು ಕೊಲೆಯಾದ ಆ ರ‍್ಯಾಪರ್ ಜೊತೆ ಬರ್ನಾ ಹಾಡಿದ ಹಾಡೊಂದು ಅವರ ಸಾವಿನ ನಂತರ, 2023ರ ಏಪ್ರಿಲ್‌ನಲ್ಲಿ ಹೊರಬಂತು. ಪೋರ್ಟ್ ಹಾರ್ಕೋರ್ಟ್‌ನ ಹುಡುಗ ಮಾನ್ಸಾ ಜಿಲ್ಲೆಯ ಹುಡುಗನ ಹೆಸರನ್ನು ಅಷ್ಟು ಸಹಜವಾಗಿ ಹೇಳುವುದನ್ನು ಮೊದಲು ಕೇಳಿದಾಗ ನಾನು ಹಾಡು ನಿಲ್ಲಿಸಿ ಮತ್ತೆ ಹಿಂದಕ್ಕೆ ಹಾಕಿದ್ದೆ.

ಹೊರಗಿನ ವಿಮರ್ಶೆಗಳು ಒಟ್ಟಾರೆ ಮೆಚ್ಚುಗೆಯವೇ. ಸಂಗೀತದ ಹೊಳಪು, ಧ್ವನಿಯ ಬನಿ, ಹಳೆಯ ಅಮೆರಿಕನ್ ಹಾಡುಗಳ ತುಣುಕನ್ನು ಆಫ್ರಿಕಾದ ತಾಳಕ್ಕೆ ಕೂರಿಸುವ ಜಾಣ್ಮೆ, ಎಲ್ಲವೂ ಹೊಗಳಿಕೆ ಪಡೆದವು. ದೂರು ಬಂದದ್ದು ಮಾತಿನ ಬಗ್ಗೆ. ಆತ್ಮಪ್ರಶಂಸೆ ಅತಿಯಾಯಿತು, ಹಿಂದಿನ ಆಳ ಇಲ್ಲ ಅಂದರು.

ಈ ದೂರನ್ನು ಸ್ವಲ್ಪ ನಿಂತು ನೋಡಬೇಕು. ರ‍್ಯಾಪ್‌ನಲ್ಲಿ ತನ್ನನ್ನು ಹೊಗಳಿಕೊಳ್ಳುವುದು ದೋಷ ಅಲ್ಲ, ಅದೇ ಅದರ ವರಸೆ. ಏನೂ ಇಲ್ಲದ ಬೀದಿಯಲ್ಲಿ ನಿಂತು ‘ನಾನೇ ರಾಜ’ ಅನ್ನುವ ಧೈರ್ಯದಿಂದ ಬೆಳೆದ ಕಲೆ. ನೈಜೀರಿಯಾದ ಯೊರುಬಾ ಜನರಲ್ಲಿ ‘ಒರಿಕಿ’ ಅಂತ ಇದೆ. ಒಬ್ಬ ಮನುಷ್ಯನ ಕುಲ, ಸಾಹಸ, ಗುಣಗಳನ್ನು ಸಾಲುಸಾಲಾಗಿ ಕೊಂಡಾಡುವ ಪದ್ಯ. ನಮ್ಮ ಬಿರುದಾವಳಿ ಇದ್ದ ಹಾಗೆ. ವ್ಯತ್ಯಾಸ ಒಂದೇ. ಒರಿಕಿಯನ್ನು ಬೇರೆಯವರು ನಿಮ್ಮ ಬಗ್ಗೆ ಹೇಳಬೇಕು, ರ‍್ಯಾಪ್‌ನಲ್ಲಿ ನೀವೇ ಹೇಳಿಕೊಳ್ಳುತ್ತೀರಿ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು, ಎದುರಿನವರನ್ನು ಹಳಿಯಬಾರದು ಎಂದು ಕೇಳುತ್ತಾ ಬೆಳೆದ ಕಿವಿ ನಮ್ಮದು. ಹಾಗಾಗಿ ನಮಗೂ ಇದು ಮೊದಲಿಗೆ ಕಿರಿಕಿರಿ ಅನ್ನಿಸಬಹುದು. ಆದರೆ ಅಮೆರಿಕದ ರ‍್ಯಾಪರ್ ಹೀಗೆ ಹಾಡಿದಾಗ ಅದು ಆತ್ಮವಿಶ್ವಾಸ, ನೈಜೀರಿಯಾದವನು ಹಾಡಿದಾಗ ‘ಆಳ ಇಲ್ಲ’ ಅನ್ನುವುದು ನ್ಯಾಯವಾ? ಅಮೆರಿಕದವನನ್ನು ಯಾರೂ ಇಡೀ ಖಂಡದ ಪ್ರತಿನಿಧಿ ಅನ್ನುವುದಿಲ್ಲ ಅಲ್ವಾ?

ಇದರಲ್ಲಿ ಬರ್ನಾ ಅವರ ಪಾಲೂ ಇದೆ. ‘ಆಫ್ರಿಕನ್ ಜೈಂಟ್’ ಅನ್ನುವ ಹೆಸರನ್ನು ಅವರಿಗೆ ಯಾರೂ ಕಟ್ಟಲಿಲ್ಲ. 2019ರಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತ ಉತ್ಸವದ ಪೋಸ್ಟರ್‌ನಲ್ಲಿ ತಮ್ಮ ಹೆಸರು ಸಣ್ಣ ಅಕ್ಷರದಲ್ಲಿ ಬಂತು ಅಂತ ಸಿಟ್ಟಾಗಿ ತಾವೇ ಇಟ್ಟುಕೊಂಡ ಹೆಸರು ಅದು. ಹೊರೆಯನ್ನು ತಾವೇ ಹೊತ್ತವರು, ಭಾರ ಆದಾಗ ಇಳಿಸುತ್ತೇನೆ ಅಂದರೆ ಜನ ಪ್ರಶ್ನೆ ಕೇಳುತ್ತಾರೆ.

ಕೇಳಿದ್ದೂ ಜೋರಾಗಿಯೇ. ಆಲ್ಬಂ ಬರುವ ಹೊತ್ತಿಗೆ ಆ್ಯಪಲ್ ಮ್ಯೂಸಿಕ್‌ನಲ್ಲಿ ಝೇನ್ ಲೋ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಬರ್ನಾ ಒಂದು ಮಾತು ಆಡಿದರು. ಅಫ್ರೋಬೀಟ್ಸ್ ಅನ್ನಿಸಿಕೊಳ್ಳುವ ಸಂಗೀತದಲ್ಲಿ ಬಹುಪಾಲಿಗೆ ತಿರುಳೇ ಇಲ್ಲ, ಅದನ್ನು ಹಾಡುವವರಲ್ಲಿ ಶೇ 90ರಷ್ಟು ಮಂದಿಗೆ ಹೇಳಿಕೊಳ್ಳುವಂಥ ಬದುಕಿನ ಅನುಭವವೇ ಇಲ್ಲ ಅನ್ನುವ ಅರ್ಥದ ಮಾತು. ನೈಜೀರಿಯಾದಲ್ಲಿ ಬೆಂಕಿ ಹತ್ತಿತು. ಆಲ್ಬಂ ವಿಮರ್ಶೆ ಓದಿದವರಿಗಿಂತ ಆ ತುಣುಕು ನೋಡಿದವರು ಜಾಸ್ತಿ. ಆಮೇಲೆ ಆಲ್ಬಂ ಕೇಳಿದವರೆಲ್ಲ ಒಂದೇ ಪರೀಕ್ಷೆ ಇಟ್ಟರು: ‘ಹಾಗಾದರೆ ನಿನ್ನ ತಿರುಳು ತೋರಿಸು.’ ಇದು ಅವರೇ ತೋಡಿದ ಹಳ್ಳ. ಕುಣಿಯುವ ಹಾಡನ್ನು ಕುಣಿಯುವ ಹಾಡಾಗಿ ಕೇಳುವ ಅವಕಾಶವನ್ನು ಅವರೇ ಕಿತ್ತುಕೊಂಡಿದ್ದರು.

ಕಾಲವೂ ಕೆಟ್ಟದಿತ್ತು. 2023ರ ಮೇ 29ರಂದು ಅಧಿಕಾರಕ್ಕೆ ಬಂದ ದಿನವೇ ಅಧ್ಯಕ್ಷ ಬೋಲಾ ಟಿನುಬು ಪೆಟ್ರೋಲ್ ಸಬ್ಸಿಡಿ ಮುಗಿಯಿತು ಅಂದರು. ಲೀಟರಿಗೆ 200 ನೈರಾ ಒಳಗಿದ್ದ ಪೆಟ್ರೋಲ್ ಜುಲೈ ಹೊತ್ತಿಗೆ 600 ದಾಟಿತು. ಜೂನ್‌ನಲ್ಲಿ ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು, ಅದೂ ಕುಸಿಯಿತು. ಕರೆಂಟಿಗಾಗಿ ಮನೆಮನೆಯಲ್ಲಿ ಜನರೇಟರ್ ಓಡಿಸುವ ದೇಶ ಅದು. ಪೆಟ್ರೋಲ್ ಏರಿದರೆ ಬಸ್ ಚಾರ್ಜಿನಿಂದ ಟೊಮೆಟೊವರೆಗೆ ಎಲ್ಲವೂ ಏರುತ್ತದೆ. ಅಂಥ ಆಗಸ್ಟ್‌ನಲ್ಲಿ ‘ಥ್ಯಾಂಕ್ಸ್’ ಅನ್ನುವ ಹಾಡು ಬಂತು. ಜೆ. ಕೋಲ್ ಜೊತೆಗಿನ ರ‍್ಯಾಪ್. ನನ್ನ ಜನಕ್ಕೆ ಇಷ್ಟು ಹೆಮ್ಮೆ ತಂದೆ, ನನಗೆ ಸಿಕ್ಕಿದ್ದು ಇದೇನಾ ಅನ್ನುವ ಸಂಕಟ ಅದರ ಹುರುಳು. ಊರಲ್ಲಿ ತಮ್ಮ ಬಗ್ಗೆ ಹಬ್ಬಿದ ಗಾಳಿಮಾತಿಗೆ ಉತ್ತರ ಕೊಡುತ್ತಾರೆ. ಆದರೆ ಅದೇ ವರ್ಷದ ಮೊದಲ ದಿನ ಲಾಗೋಸ್‌ನ ಕಾರ್ಯಕ್ರಮಕ್ಕೆ ಗಂಟೆಗಟ್ಟಲೆ ತಡವಾಗಿ ಬಂದು ಪ್ರೇಕ್ಷಕರ ಮೇಲೇ ಸಿಡುಕಿದ್ದನ್ನು ಜನ ಮರೆತಿರಲಿಲ್ಲ.

ಈ ಹಾಡಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆಲ್ಬಂನ ದುರ್ಬಲ ಹಾಡು ಅದು. ಕಾರಣ ‘ದುಡ್ಡಿರುವವನು ಗೋಳಾಡಬಾರದು’ ಅನ್ನುವುದಲ್ಲ. ಯಾರಿಗೆ ಬೇಕಾದರೂ ನೋವಾಗಬಹುದು. ಸಮಸ್ಯೆ ಕಸುಬಿನದು. ರ‍್ಯಾಪ್‌ನಲ್ಲಿ ಸಿಟ್ಟು ನಿಲ್ಲಬೇಕಾದರೆ ನಿರ್ದಿಷ್ಟ ಚಿತ್ರ ಬೇಕು. ಒಂದು ಬೀದಿ, ಒಂದು ಮುಖ, ಒಂದು ಗಳಿಗೆ. ಮಸಿ ಬೀಳುವ ಊರಿನ ಬಗ್ಗೆ ಹಾಡುವಾಗ ಅದು ಅವರ ಬಳಿ ಇತ್ತು. ಇಲ್ಲಿ ಬರೀ ದೂರು ಇದೆ. ಪಕ್ಕದಲ್ಲೇ ಜೆ. ಕೋಲ್ ಅಂಥ ಪಳಗಿದ ರ‍್ಯಾಪರ್ ನಿಂತಾಗ ಆ ಕೊರತೆ ಇನ್ನೂ ಎದ್ದು ಕಾಣುತ್ತದೆ.

ಭಾಷೆಯ ವಿಷಯಕ್ಕೆ ಬರೋಣ. ನನ್ನ ಪ್ರಕಾರ ಎರಡು ತೀರ್ಪುಗಳ ಬೇರು ಇರುವುದು ಅಲ್ಲಿ. ಬರ್ನಾ ಹಾಡುವುದು ಹೆಚ್ಚಾಗಿ ನೈಜೀರಿಯಾದ ಪಿಜಿನ್‌ನಲ್ಲಿ, ನಡುನಡುವೆ ಯೊರುಬಾ. ಪಿಜಿನ್ ಅಂದರೆ ಒಡಕು ಇಂಗ್ಲಿಷ್ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣ, ತನ್ನದೇ ಚುಚ್ಚು, ತನ್ನದೇ ಗಾದೆ ಇವೆ. 2022ರ ಅವರ ಜನಪ್ರಿಯ ಹಾಡಿನಲ್ಲಿ ‘ಬ್ರೇಕ್‌ಫಾಸ್ಟ್’ ತಿನ್ನುವ ಮಾತು ಬರುತ್ತದೆ. ಲಾಗೋಸ್‌ನಲ್ಲಿ ಅದು ಬೆಳಗಿನ ತಿಂಡಿ ಅಲ್ಲ, ಪ್ರೀತಿಯಲ್ಲಿ ಕೈಕೊಡಿಸಿಕೊಳ್ಳುವುದು. ಈ ಆಲ್ಬಂನ ‘ಡೇ ಪ್ಲೇ’ ಕೂಡ ಹಾಗೇ. ಪದಕ್ಕೆ ಪದ ಹಾಕಿದರೆ ‘ಆಡ್ತಾ ಇರು’. ಅದನ್ನು ಹೇಳುವ ರೀತಿಯಲ್ಲಿ ಮಾತ್ರ ‘ವಿಷಯ ಕೈಮೀರಿದೆ, ನೀನು ಮಾತ್ರ ಹೀಗೇ ಆಡ್ಕೊಂಡಿರು’ ಅನ್ನುವ ಚುಚ್ಚು ಇದೆ. ಹೊರಗಿನ ಕಿವಿಗೆ ಇದು ಇಂಪಾದ ಸದ್ದು. ಒಳಗಿನ ಕಿವಿಗೆ ಬೀದಿಯ ಮಾತು.

ಇದರಿಂದ ಆದದ್ದು ಇಷ್ಟು. ಲಂಡನ್, ನ್ಯೂಯಾರ್ಕ್‌ನ ವಿಮರ್ಶಕರಿಗೆ ಪೂರ್ತಿ ಅರ್ಥ ಆದದ್ದು ಇಂಗ್ಲಿಷ್ ಹೆಚ್ಚಿರುವ ಭಾಗಗಳು, ಅಂದರೆ ಅತಿಥಿ ರ‍್ಯಾಪರ್‌ಗಳ ಜೊತೆಗಿನ ಹಾಡುಗಳು. ಬರ್ನಾ ಅತಿ ಸಪ್ಪೆಯಾಗಿರುವುದೂ ಅಲ್ಲೇ. ಅದನ್ನೇ ಇಡೀ ಆಲ್ಬಂನ ಮಾತು ಅಂದುಕೊಂಡರು. ಪಿಜಿನ್ ಭಾಗಗಳನ್ನು ‘ತಾಳ’, ‘ಉತ್ಸಾಹ’, ‘ಬಿಸಿಲು’ ಅಂತ ಬಣ್ಣಿಸಿ ಮುಂದೆ ಹೋದರು. ಮಾತೇ ಜೀವಾಳ ಆಗಿರುವ ಕಲೆಗೆ ಮಾತು ಬಿಟ್ಟು ವಿಮರ್ಶೆ ಬರೆಯುವುದು ಹೇಗೆ? ಕನ್ನಡ ರ‍್ಯಾಪ್ ಕೇಳುವವರಿಗೆ ಇದು ಬೇಗ ಹೊಳೆಯುತ್ತದೆ. ಮಂಡ್ಯದ ಕಡೆಯ ಒಂದು ಬೈಗುಳವನ್ನು ಭಾಷೆ ಬಾರದವರು ‘ಲಯಬದ್ಧವಾಗಿದೆ’ ಅಂತ ಮೆಚ್ಚಿದರೆ ನಾವು ಏನನ್ನಬೇಕು?

ನೈಜೀರಿಯಾದ ಒಳಗೆ ಇದಕ್ಕೆ ಇನ್ನೊಂದು ಹಳೆಯ ಕಥೆ ಇದೆ. ಅಲ್ಲಿನ ರ‍್ಯಾಪ್ ಬಹುಕಾಲ ಎರಡು ದಾರಿಯ ನಡುವೆ ಜಗಳವಾಡಿದೆ. ಒಂದು ಕಡೆ ಎಂ.ಐ. ಅಬಾಗಾ ಅವರಂತೆ ಇಂಗ್ಲಿಷ್‌ನಲ್ಲಿ ನಾಜೂಕಾಗಿ ಬರೆಯುವವರು. ಇನ್ನೊಂದು ಕಡೆ 2009ರಲ್ಲಿ ಯೊರುಬಾದಲ್ಲೇ ರ‍್ಯಾಪ್ ಮಾಡಿ ಊರನ್ನು ಗೆದ್ದು, ಮರುವರ್ಷವೇ ಅಪಘಾತದಲ್ಲಿ ತೀರಿಕೊಂಡ ಡಾಗ್ರಿನ್, ಆಮೇಲೆ ಆ ದಾರಿ ಹಿಡಿದ ಒಲಾಮಿಡೆ. ಬೀದಿ ಎರಡನೆಯವರ ಕಡೆ ನಿಂತಿತು. ಅಂಥ ಊರಿನ ಕೇಳುಗನಿಗೆ ಬರ್ನಾ ವೂ-ಟ್ಯಾಂಗ್ ಹಿರಿಯರ ಆಶೀರ್ವಾದ ತಂದು ತೋರಿಸಿದರೆ ‘ನಮ್ಮ ಮನೆಯ ರ‍್ಯಾಪರ್‌ಗಳು ಎಲ್ಲಿ?’ ಅನ್ನಿಸುವುದು ಸಹಜ. ಹೊರಗಿನ ವಿಮರ್ಶೆಗಳಲ್ಲಿ ಈ ಪ್ರಶ್ನೆ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಇನ್ನು ಪ್ರಶಸ್ತಿಯ ವಿಷಯ. 1987ರಲ್ಲಿ ಲಂಡನ್ನಿನ ಒಂದು ಪಬ್‌ನಲ್ಲಿ ಕೆಲವು ಸಣ್ಣ ರೆಕಾರ್ಡ್ ಕಂಪನಿಯವರು ಸೇರಿ ‘ವರ್ಲ್ಡ್ ಮ್ಯೂಸಿಕ್’ ಅನ್ನುವ ಹೆಸರನ್ನು ಒಪ್ಪಿಕೊಂಡರು. ಅಂಗಡಿಯಲ್ಲಿ ಆಫ್ರಿಕಾ, ಏಷ್ಯಾದ ರೆಕಾರ್ಡ್‌ಗಳನ್ನು ಇಡಲು ಒಂದು ಗೂಡು ಬೇಕಿತ್ತು, ಅಷ್ಟೇ. ಗ್ರ್ಯಾಮಿಯಲ್ಲೂ ಆ ಗೂಡು ಬಂತು. 1992ರಲ್ಲಿ ಅದರ ಮೊದಲ ಪ್ರಶಸ್ತಿ ಪಡೆದದ್ದು ಅಮೆರಿಕದ ಮಿಕಿ ಹಾರ್ಟ್ ಅವರ ‘ಪ್ಲಾನೆಟ್ ಡ್ರಮ್’. ಅದರಲ್ಲಿ ನೈಜೀರಿಯಾದ ಬಾಬಾತುಂಡೆ ಒಲಾತುಂಜಿ ಇದ್ದರು, ನಮ್ಮ ಜಾಕಿರ್ ಹುಸೇನ್ ಇದ್ದರು, ಘಟಂ ವಿಕ್ಕು ವಿನಾಯಕರಾಮ್ ಇದ್ದರು. ಎಲ್ಲರೂ ಒಂದೇ ಆಲ್ಬಂನಲ್ಲಿ. 2024ರಲ್ಲಿ ಅದೇ ಗೂಡಿನಲ್ಲಿ ಜಾಕಿರ್ ಹುಸೇನ್ ಮತ್ತು ವಿಕ್ಕು ಅವರ ಮಗ ಸೆಲ್ವಗಣೇಶ್ ಒಂದು ಕಡೆ, ನೈಜೀರಿಯಾದವರು ಎದುರುಗಡೆ.

2020ರ ಕೊನೆಯಲ್ಲಿ ಹೆಸರನ್ನು ‘ಗ್ಲೋಬಲ್’ ಅಂತ ಬದಲಿಸಿದರು, ಗೂಡು ಹಾಗೇ ಉಳಿಯಿತು. ಬಾಯಲ್ಲೇ ತಾಳ ನುಡಿಸುವ ಕೊನ್ನಕ್ಕೋಲ್, ಕಂಜಿರ ಇರುವ ಆಲ್ಬಂ ಮತ್ತು ವೂ-ಟ್ಯಾಂಗ್ ಅತಿಥಿಗಳಿರುವ ಪಾಪ್-ರ‍್ಯಾಪ್ ಆಲ್ಬಂ ಎರಡನ್ನೂ ಯಾವ ಅಳತೆಗೋಲಿನಿಂದ ಅಳೆಯುತ್ತಾರೆ? ‘ದಿಸ್ ಮೊಮೆಂಟ್’ ಗೆದ್ದದ್ದು ನನಗೆ ಸಂತೋಷವೇ. 46 ವರ್ಷಗಳ ನಂತರ ಆ ತಂಡ ಸ್ಟುಡಿಯೊಗೆ ಮರಳಿ ಮಾಡಿದ ಆಲ್ಬಂ ಅದು. ಆದರೆ ಅದು ಬರ್ನಾ ಅವರನ್ನು ಸೋಲಿಸಿತು ಅನ್ನುವ ಮಾತಿಗೆ ಅರ್ಥವೇ ಇಲ್ಲ. ಆ ವರ್ಷ ಆಫ್ರಿಕಾದ ಹಾಡುಗಳಿಗೆ ಅಂತಲೇ ಹೊಸ ವಿಭಾಗವೊಂದು ಶುರುವಾಯಿತು. ಅದನ್ನು ಗೆದ್ದವರು ದಕ್ಷಿಣ ಆಫ್ರಿಕಾದ ಟೈಲಾ. ಅದೇ ರಾತ್ರಿ ಬರ್ನಾ ಮುಖ್ಯ ವೇದಿಕೆಯ ಮೇಲೆ ಬ್ರ್ಯಾಂಡಿ ಮತ್ತು 21 ಸ್ಯಾವೇಜ್ ಜೊತೆ ಹಾಡಿದರು. ವೇದಿಕೆಗೆ ಅವರು ಬೇಕಿತ್ತು. 2025ರಲ್ಲಿ ಅವರ ‘ನೋ ಸೈನ್ ಆಫ್ ವೀಕ್‌ನೆಸ್’ ಬಂತು. ಅದೂ ನಾಮನಿರ್ದೇಶನ ಪಡೆಯಿತು. ಪಟ್ಟಿ ತೆಗೆದು ನೋಡಿದರೆ ಮತ್ತೆ ಅದೇ ಗೂಡು, ಪಕ್ಕದಲ್ಲಿ ಮತ್ತೆ ‘ಶಕ್ತಿ’.

ಈ ಆಲ್ಬಂ ಕೇಳದವರು ಈಗ ಕೇಳುವುದಾದರೆ ‘ಗಿಝಾ’ ಅನ್ನುವ ಹಾಡಿನಿಂದ ಶುರು ಮಾಡಿ. ಇದು ಪಿರಮಿಡ್‌ಗಳ ಊರಿನ ಹೆಸರು. ಜೊತೆಗೆ ಹಾಡಿರುವವರು ಲಾಗೋಸ್‌ನ ಅಂಚಿನ ಇಕೊರೊಡು ಕಡೆಯಿಂದ ಬಂದ ಸೆಯಿ ವೈಬ್ಸ್. ಅವರ ರಾಗ ಎಳೆತದಲ್ಲಿ ಯೊರುಬಾ ಮುಸ್ಲಿಮರ ಫೂಜಿ ಸಂಗೀತದ ಸೆಳೆತ ಇದೆ. ರಂಜಾನಿನ ನಸುಕಿನಲ್ಲಿ ಜನರನ್ನು ಎಬ್ಬಿಸಲು ಹಾಡುತ್ತಿದ್ದ ಹಾಡುಗಳಿಂದ ಬೆಳೆದ ಸಂಗೀತ ಅದು. ಅದಾದ ಮೇಲೆ ‘ಥ್ಯಾಂಕ್ಸ್’ ಕೇಳಿ. ಎರಡನೆಯದರಲ್ಲಿ ಬರ್ನಾ ಎಲ್ಲರಿಗೂ ವಿವರಣೆ ಕೊಡುತ್ತಿದ್ದಾರೆ. ಮೊದಲನೆಯದರಲ್ಲಿ ಪಕ್ಕದ ಹುಡುಗನ ಜೊತೆ ದನಿಗೆ ದನಿ ಸೇರಿಸಿ ಹಾಡುತ್ತಿದ್ದಾರೆ, ಯಾರಿಗೂ ಏನೂ ಹೇಳಬೇಕಾಗಿಲ್ಲ.